ಎವರಿಸ್ತೊನ ಕಳ್ಳ ಕೋಟು

ನಮ್ಮ ತೊರ್ರೆಕೂಪಾ ಊರಿನಲ್ಲಿ ಗಂಡಸಾದವನು ರಾಜಕೀಯ ಪಕ್ಷ ಬದಲಾಯಿಸಬಹುದು. ಬದಲಾಯಿಸಿದ ಮರುದಿನವೇ ನನ್ನ ಕಾಫಿ ಅಂಗಡಿಗೆ ಬಂದು, ಹಳೆಯ ಪಕ್ಷದವರ ಲೆಕ್ಕದಲ್ಲೇ ಕಾಫಿ ಕುಡಿದು ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ಷೌರಿಕನನ್ನೂ ಬದಲಾಯಿಸಬಹುದು. ಒಂದು ವಾರ ಮುಖ ಊದಿಸಿಕೊಂಡಿರುತ್ತಾನೆ, ಆಮೇಲೆ ಮರೆಯುತ್ತಾನೆ. ಟೈಲರನ್ನು ಮಾತ್ರ ಬದಲಾಯಿಸುವಂತಿಲ್ಲ. ಅಪ್ಪನ ಮೈ ಅಳೆದವನೇ ಮಗನ ಮೈಯನ್ನೂ ಅಳೆಯಬೇಕು. ಯಾರ ಹೊಟ್ಟೆ ಎಷ್ಟು ಬೆಳೆಯಿತು, ಯಾರ ಭುಜ ಯಾವ ಕಡೆಗೆ ವಾಲಿದೆ, ಯಾರ ಒಂದು ಕಾಲು ಗಿಡ್ಡ, ಇವೆಲ್ಲ ಮನೆತನದ ಗುಟ್ಟು. ಅಂಥ ಗುಟ್ಟನ್ನು ಇಬ್ಬರ ಮುಂದೆ ಬಿಚ್ಚಿಡುವವನನ್ನು ಊರು ನಂಬುವುದಿಲ್ಲ.

ಇದು ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ. ನನ್ನ ಷಡ್ಡಕ ಎವರಿಸ್ತೊ ಪಲುಂಬೊನಿಗೂ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ತಲೆಗೆ ಬಾರದಿರುವುದು ಅವನ ಹುಟ್ಟುಗುಣ. ಅವನು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕಿಟಕಿಯಲ್ಲಿ ಕೂರುತ್ತಾನೆ. ಒಮ್ಮೆ ತನ್ನ ಬುತ್ತಿಯನ್ನೇ ತೂಗಿ, ಸ್ಟಾಂಪು ಹಚ್ಚಿ, ಮಿಲಾನೊಗೆ ಕಳಿಸಿದ್ದ. ಮಧ್ಯಾಹ್ನ ಹಸಿವಾಗಿ ಪಕ್ಕದ ಪೊಟ್ಟಣ ಬಿಚ್ಚಿದರೆ ಅದರಲ್ಲಿ ಬೂಟ್ ಪಾಲಿಷ್ ಇತ್ತು. ಇಂಥವನನ್ನು ನನ್ನ ನಾದಿನಿ ಪಾಲ್ಮಾ ಮದುವೆಯಾಗಿ, ಇಷ್ಟು ವರ್ಷ ಹೊಟ್ಟೆತುಂಬ ಊಟ ಹಾಕಿ, ತಕ್ಕಮಟ್ಟಿಗೆ ಸರಿಯಾದ ಬಸ್ಸು ಹತ್ತುವಂತೆ ಸಾಕಿಕೊಂಡು ಬಂದಿದ್ದಳು.

ಅವರ ಒಬ್ಬಳೇ ಮಗಳು ರೊಸಾಲ್ಬಾಳಿಗೆ ಮದುವೆ ಗೊತ್ತಾಯಿತು. ಹುಡುಗನ ಅಪ್ಪ ಬಾರಿ ಪಟ್ಟಣದಲ್ಲಿ ಬ್ಯಾಂಕಿನ ದೊಡ್ಡ ಅಧಿಕಾರಿ. ಮಾತುಕತೆಗೆಂದು ಬಂದಾಗ ಸೆಖೆಯೆಂದು ಕೋಟು ತೆಗೆದರು. ಅಂಗಿಯ ಜೇಬಿನ ಮೇಲೆ ಅವರ ಹೆಸರಿನ ಎರಡಕ್ಷರ ನೀಲಿ ದಾರದಲ್ಲಿ ಕಸೂತಿಯಾಗಿದ್ದವು. ಎವರಿಸ್ತೊ ಅವತ್ತು ವರದಕ್ಷಿಣೆಯ ಮಾತನ್ನೂ ಕೇಳಲಿಲ್ಲ, ಮದುವೆ ದಿನದ ಮಾತನ್ನೂ ಕೇಳಲಿಲ್ಲ. ಆ ಎರಡಕ್ಷರವನ್ನೇ ನೋಡುತ್ತ ಕೂತಿದ್ದ. ಅವರು ಎದ್ದು ಹೋದಮೇಲೆ ನನ್ನ ತೋಳು ಹಿಡಿದು ಪಿಸುಗುಟ್ಟಿದ, "ಗಾಸ್ಪರೆ, ನನಗೂ ಒಂದು ಸೂಟು ಬೇಕು. ಎರಡು ಸಾಲು ಗುಂಡೀದು. ಜೊತೆಗೆ ಎರಡು ಅಂಗಿ, ಹೆಸರು ಹಾಕಿಸಿ."

"ಹೆಸರು ಯಾತಕ್ಕೋ? ನೀನು ಯಾರು ಅಂತ ಮರೆತುಹೋಗತ್ತಾ?" ಎಂದೆ. ಅವನಿಗೆ ಮರೆತು ಹೋದರೂ ಹೋಗಬಹುದು ಎಂದು ಆಮೇಲೆ ಅನ್ನಿಸಿತು.

ಪಾಲ್ಮಾ ಸಂತೋಷದಿಂದ ಒಪ್ಪಿದಳು. "ಹೊಲಿಸ್ಕೊಳ್ಳಿ, ಯಾರು ಬೇಡ ಅಂದ್ರು? ನಾಳೇನೇ ಕಂಪಾರೆ ಹತ್ರ ಹೋಗಿ."

ಕಂಪಾರೆ ಎಂದರೆ ಮಾಸ್ತ್ರೊ ಒನೊಫ್ರಿಯೊ. ಚೌಕದಲ್ಲಿ ನನ್ನ ಅಂಗಡಿಯ ಎದುರಿಗೇ ಅವರ ಟೈಲರ್ ಅಂಗಡಿ. ರೊಸಾಲ್ಬಾಳ ನಾಮಕರಣದ ದಿನ ಚರ್ಚಿನ ಜ್ಞಾನಸ್ನಾನದ ತೊಟ್ಟಿಯ ಬಳಿ ಧರ್ಮಪಿತನಾಗಿ ಮಗುವನ್ನು ಕೈಯಲ್ಲಿ ಹಿಡಿದು ನಿಂತವರು ಅವರೇ. ಅಲ್ಲಿಂದಾಚೆಗೆ ಅವರೂ ಮಗುವಿನ ಅಪ್ಪನೂ ಒಬ್ಬರಿಗೊಬ್ಬರು ಕಂಪಾರೆ, ನಮ್ಮಲ್ಲಿ ಒಡಹುಟ್ಟಿದವರಿಗಿಂತ ಹೆಚ್ಚು. ಅಣ್ಣತಮ್ಮಂದಿರ ಜೊತೆ ಕೋರ್ಟಿಗೆ ಹೋಗಬಹುದು, ಕಂಪಾರೆಯ ಎದುರು ದನಿ ಎತ್ತುವಂತಿಲ್ಲ. ರೇಟು ಕೇಳುವಂತೆಯೂ ಇಲ್ಲ. ಬಾಯಿತಪ್ಪಿ ಕೇಳಿದರೆ ಅವರು ಕೈಯೆತ್ತಿ, "ನಮ್ಮಿಬ್ಬರ ನಡುವೆ ದುಡ್ಡಿನ ಮಾತೇ?" ಎನ್ನುತ್ತಾರೆ. ತೊರ್ರೆಕೂಪಾದಲ್ಲಿ ಇದಕ್ಕಿಂತ ದುಬಾರಿಯಾದ ಮಾತಿಲ್ಲ. ಆ ಮಾತು ಕೇಳಿಸಿಕೊಂಡವನು ಅವರ ಮನೆಗೆ ಒಂದು ಕುರಿಮರಿ ಕಳಿಸಬೇಕು, ಡಬ್ಬಿ ತುಂಬ ಎಣ್ಣೆ ಕಳಿಸಬೇಕು, ಕೊನೆಗೆ ಒಂದು ಲಕೋಟೆ ಕೊಡಬೇಕು. ಲಕೋಟೆಯ ದಪ್ಪವನ್ನು ಅವರ ಹೆಂಡತಿ ಎರಡು ಬೆರಳ ನಡುವೆ ಹಿಡಿದು ನೋಡಿ ನಿಟ್ಟುಸಿರು ಬಿಡುತ್ತಾರೆ. ಅಷ್ಟಕ್ಕೆಲ್ಲ ಎವರಿಸ್ತೊನ ಜೇಬು ತಾಳುವಂತಿರಲಿಲ್ಲ.

ಹಾಗಾಗಿ ಅವನು ಗುಟ್ಟಾಗಿ ಅಗ್ಗದ ಟೈಲರನ್ನು ಹುಡುಕಿಕೊಂಡು ಹೊರಟ. ಮೊದಲು ಪಕ್ಕದೂರಿನಲ್ಲಿ ಸೈನ್ಯದಿಂದ ನಿವೃತ್ತನಾಗಿದ್ದ ಒಬ್ಬ ಟೈಲರ್ ಸಿಕ್ಕಿದ. ಅವನು ಎವರಿಸ್ತೊನನ್ನು ಅಟೆನ್ಷನ್ನಿನಲ್ಲಿ ನಿಲ್ಲಿಸಿ, ಟೇಪನ್ನು ಮುಟ್ಟದೆ, "ಎರಡನೇ ಸೈಜು!" ಎಂದು ಗುಡುಗಿದ. ಆಮೇಲೆ ಸನ್ಯಾಸಿನಿಯರ ಮಠ. ಹೊಲಿಗೆ ಮುತ್ತಿನಂಥದು, ರೇಟು ನೀರಿನಷ್ಟು ಅಗ್ಗ, ಆದರೆ ಸೊಂಟದಿಂದ ಕೆಳಗೆ ಅಳತೆ ತೆಗೆಯುವುದಿಲ್ಲವೆಂದು ಮಠಾಧ್ಯಕ್ಷೆ ಖಡಾಖಂಡಿತವಾಗಿ ಹೇಳಿದರು. ಕೊನೆಗೆ ಉಳಿದವನು ಕ್ವಿಂತೀನೊ.

ಕ್ವಿಂತೀನೊನ ಅಂಗಡಿ ಕೆಳಪೇಟೆಯಲ್ಲಿ, ರೈಲು ನಿಲ್ದಾಣದ ಹಿಂದೆ. ಬಾಯಿಬಿಟ್ಟು ಮೊದಲೇ ರೇಟು ಹೇಳುವವನು, ಅದೂ ಅರ್ಧಕ್ಕರ್ಧ. ಒನೊಫ್ರಿಯೊ ದಿನಾ ನನ್ನ ಅಂಗಡಿಯಲ್ಲಿ ಅವನ ಜನ್ಮ ಜಾಲಾಡುತ್ತಿದ್ದರು. "ಅವನು ಕೋಟು ಹೊಲಿಯಲ್ಲ ಕಣ್ರೀ, ಆಲೂಗಡ್ಡೆಗೆ ಚೀಲ ಹೊಲೀತಾನೆ. ಅವನ ಕೋಟು ಹಾಕ್ಕೊಂಡೋನು ಸತ್ರೆ ಸಂತ ಪೇತ್ರುಸ್ ಸ್ವರ್ಗದ ಬಾಗಿಲು ತೆಗೆಯಲ್ಲ, ಹಿಂದಿನ ಬಾಗಿಲಿಗೆ ಬಾ ಅಂತಾರೆ." ಕೆಳಪೇಟೆಯಲ್ಲಿ ಕ್ವಿಂತೀನೊ ಸಹ ಇವರ ಬಗ್ಗೆ ಇದೇ ಧಾಟಿಯಲ್ಲಿ ಮಾತಾಡುತ್ತಾನೆಂದು ನಾವು ಕೇಳಿದ್ದೆವು.

ಈಗ ಒನೊಫ್ರಿಯೊಗೆ ಏನು ಹೇಳುವುದು? ಮಗಳ ಮದುವೆ ಹತ್ತಿರ ಬಂದರೂ ತಾನು ಅಳತೆಗೆ ಹೋಗಲಿಲ್ಲವೆಂದರೆ ಅವರು ಸುಮ್ಮನಿರುತ್ತಾರೆಯೇ? ಎವರಿಸ್ತೊ ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಮಾಡಿದ. ಯೋಚಿಸದಿದ್ದರೆ ಒಳ್ಳೆಯದಿತ್ತು.

"ಹರಕೆ ಹೊತ್ತಿದೀನಿ ಕಂಪಾರೆ," ಎಂದ, ಅವರ ಅಂಗಡಿಯ ಹೊಸ್ತಿಲಲ್ಲೇ ನಿಂತು. "ಸಂತ ರೋಕ್ಕೊಗೆ. ಈ ವರ್ಷ ಮೈಮೇಲೆ ಹೊಸ ಬಟ್ಟೆ ಹಾಕಲ್ಲ ಅಂತ."

ಒನೊಫ್ರಿಯೊ ಕತ್ತರಿ ಕೆಳಗಿಟ್ಟರು. "ಯಾತಕ್ಕೆ ಹರಕೆ?"

"ಮೂತ್ರಪಿಂಡದ ಕಲ್ಲಿಗೆ."

"ಅಯ್ಯೋ ಪಾಪ, ನಿಮಗೆ ಕಲ್ಲಿದೆಯಾ?"

"ಇಲ್ಲ. ಬರಬಾರದು ಅಂತ."

ಸಂತನ ಜೊತೆ ಟೈಲರ್ ವಾದ ಮಾಡುವ ಹಾಗಿಲ್ಲ. ಒನೊಫ್ರಿಯೊ ಶಿಲುಬೆಯ ಗುರುತು ಮಾಡಿಕೊಂಡು ಮತ್ತೆ ಕತ್ತರಿ ಎತ್ತಿಕೊಂಡರು. ಅದೇ ಹರಕೆಯನ್ನು ಮನೆಯಲ್ಲೂ ಹೇಳಿದ. ಪಾಲ್ಮಾ ಅವನ ಕಿವಿ ನೋಡಿದಳು. ಅವನು ಸುಳ್ಳು ಹೇಳಿದಾಗೆಲ್ಲ ಆಗುವಂತೆ ಅದು ಕೆಂಪಾಗಿತ್ತಂತೆ. ಮದುವೆಯ ದಿನ ಬೆಳಗ್ಗೆ ಹೊಸ ಸೂಟಿನಲ್ಲಿ ಪ್ರತ್ಯಕ್ಷನಾಗಿ, ಸಂತ ಕನಸಿನಲ್ಲಿ ಬಂದು ಹರಕೆ ಬಿಡಿಸಿದನೆಂದು ಹೇಳುವುದು ಅವನ ಎಣಿಕೆ. ಆ ಸಂತನಿಗೆ ಇವನ ಗುಂಡಿಯ ಚಿಂತೆ ಹೊರತು ಬೇರೆ ಕೆಲಸವೇ ಇಲ್ಲ ನೋಡಿ.

ಗುರುವಾರ ಅಂಚೆ ಕಚೇರಿಗೆ ಅರ್ಧ ದಿನ. ಹಾಗಾಗಿ ಕ್ವಿಂತೀನೊ ಗುರುವಾರವೇ ಅವನನ್ನು ಟ್ರಯಲ್‌ಗೆ ಕರೆದ. ಇಲ್ಲೊಂದು ಮಾತು ಹೇಳಬೇಕು. ಆ ಕಟ್ಟಡಕ್ಕೆ ಬೀದಿಗೆ ತೆರೆಯುವ ಬಾಗಿಲು ಒಂದೇ, ಮೆಟ್ಟಿಲೂ ಒಂದೇ. ಎರಡನೆಯ ಮಹಡಿಯಲ್ಲಿ ಕ್ವಿಂತೀನೊ. ಮೊದಲನೆಯ ಮಹಡಿಯಲ್ಲಿ ಹೆಂಗಸರ ಟೋಪಿ ಮಾಡಿ ಮಾರುವ ಎರ್ಮೆಲಿಂದಾ. ವಿಧವೆ. ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ ಇಟ್ಟುಕೊಂಡ ವಿಧವೆ. ಗುಡ್ಡದ ಮೇಲಿನ ನಮ್ಮ ಮೇಲ್ಪೇಟೆಯ ಹೆಂಗಸರ ಕಣ್ಣಿಗೆ ಆ ಕುಂಡವೊಂದೇ ಸಾಕಾಗಿತ್ತು.

ಎರಡನೆಯ ಗುರುವಾರವೇ ಪಾಲ್ಮಾಳ ಎದುರುಮನೆಯ ನುನ್ಸಿಯಾತಾ ತನ್ನ ಮಗನಿಗೆ ಚೀಸ್ ಕಳಿಸಲು ನಿಲ್ದಾಣಕ್ಕೆ ಹೋಗಿದ್ದಳು. ಎವರಿಸ್ತೊ ಆ ಬಾಗಿಲಿನಿಂದ ಹೊರಬಂದ. ಬರುಬರುತ್ತ ವೇಸ್ಟ್‌ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಗುಂಡಿಯನ್ನು ತಪ್ಪು ತೂತಿಗೆ ಹಾಕಿದ್ದ. ಆಚೆ ನೋಡಿದ, ಈಚೆ ನೋಡಿದ, ಗೋಡೆಗೆ ಅಂಟಿಕೊಂಡು ಸರಸರನೆ ಮಾಯವಾದ. ಚೀಸು ಅವತ್ತು ರೈಲು ಹತ್ತಲಿಲ್ಲ. ನುನ್ಸಿಯಾತಾ ಅದನ್ನು ಕಂಕುಳಲ್ಲಿಟ್ಟುಕೊಂಡೇ ಗುಡ್ಡ ಹತ್ತಿ ಬಂದಳು.

"ಪಾಲ್ಮಾ, ನಾನೇನೂ ಹೇಳಲ್ಲಮ್ಮ. ಇನ್ನೊಬ್ಬರ ಮನೆ ವಿಷಯ ನನಗ್ಯಾಕೆ? ಆದ್ರೆ ನಿನ್ನ ಗಂಡ ಗುರುವಾರ ಎಲ್ಲಿಗೆ ಹೋಗ್ತಾರೆ?"

"ವಾಕಿಂಗ್‌ಗೆ. ಕಲ್ಲು ಬರದೇ ಇರಲಿ ಅಂತ."

"ವಾಕಿಂಗ್‌ಗೆ ಹೋಗೋರು ಗುಂಡಿ ಯಾಕೆ ಬಿಚ್ತಾರೆ?"

ಪಾಲ್ಮಾ ಒಗೆಯುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತು ಈಗ ಹೊರಬಂತು. ಆ ಮನೆಯಲ್ಲಿ ಮದುವೆಯಾದಾಗಿನಿಂದ ಒಳಚಡ್ಡಿ ಬದಲಾಯಿಸುವುದು ಶನಿವಾರ. ಈಗ ಎರಡು ವಾರದಿಂದ ಎವರಿಸ್ತೊ ಗುರುವಾರವೂ ಬದಲಾಯಿಸುತ್ತಿದ್ದ. ಟೈಲರನ ಮುಂದೆ ಪ್ಯಾಂಟು ಬಿಚ್ಚಿ ನಿಲ್ಲುವವನಿಗೆ ಅಷ್ಟಾದರೂ ಮಾನ ಬೇಡವೇ? ಆದರೆ ಪಾಲ್ಮಾಳಿಗೆ ಅದು ಗೊತ್ತಿರಲಿಲ್ಲ. ನುನ್ಸಿಯಾತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸಂಜೆಯ ಹೊತ್ತಿಗೆ ಆ ಒಳಚಡ್ಡಿಯ ಸುದ್ದಿ ಚರ್ಚಿನ ಮೆಟ್ಟಿಲು ದಾಟಿ ಪೊಲೀಸ್ ಠಾಣೆಗೆ ತಲುಪಿತ್ತು.

ಅವತ್ತಿನಿಂದ ಊರು ಎವರಿಸ್ತೊನನ್ನು ನೋಡುವ ರೀತಿಯೇ ಬದಲಾಯಿತು. ನನ್ನ ಅಂಗಡಿಯಲ್ಲಿ ಹಿಂದೆಲ್ಲ ಅವನು ಬಂದರೆ ಕುರ್ಚಿ ಸರಿಸುವವರು ಇರಲಿಲ್ಲ. ಈಗ ಠಾಣೆಯ ಹವಾಲ್ದಾರ ಎದ್ದು ಜಾಗ ಬಿಟ್ಟ. ಕ್ಷೌರಿಕ ಕ್ರೆಶೆಂಜೊ ದುಡ್ಡು ತೆಗೆದುಕೊಳ್ಳದೆ ಅವನ ಕುತ್ತಿಗೆಗೆ ಅತ್ತರು ಬಳಿದು, ಕಿವಿಯಲ್ಲಿ ಹೇಳಿದ, "ಎವರಿಸ್ತೊ, ನಮಗೆಲ್ಲ ಗೊತ್ತಾಗಿದೆ. ಕೆಳಪೇಟೆ ವಿಷಯ."

ಎವರಿಸ್ತೊ ಬಿಳಿಚಿಕೊಂಡ. ಸೂಟಿನ ಗುಟ್ಟು ಬಯಲಾಯಿತೆಂದೇ ಅವನು ತಿಳಿದ. "ದಮ್ಮಯ್ಯ ಕ್ರೆಶೆಂಜೊ, ನನ್ನ ಕಂಪಾರೆಗೆ ಮಾತ್ರ ಹೇಳ್ಬೇಡಿ!"

"ಕಂಪಾರೆಗಾ? ಹೆಂಡತಿಗೆ ಗೊತ್ತಾದ್ರೆ ಪರವಾಗಿಲ್ವಾ?"

"ಹೆಂಡತಿಗೆ ಗೊತ್ತಾದ್ರೆ ಹೇಗೋ ಸಮಾಧಾನ ಮಾಡ್ತೀನಿ. ಎರಡು ದಿನ ಬೈತಾಳೆ, ಅಷ್ಟೇ. ಹೇಗೂ ಮದುವೆ ದಿನ ಎಲ್ಲರ ಮುಂದೆ ತೋರಿಸ್ಲೇಬೇಕಲ್ಲ."

ಕ್ರೆಶೆಂಜೊನ ಕೈಯಿಂದ ಬಾಚಣಿಗೆ ಬಿತ್ತು. ಆ ವಿಧವೆಯನ್ನು ಮಗಳ ಮದುವೆಯ ದಿನ ಚರ್ಚಿಗೇ ಕರೆತರುತ್ತಾನೆ! ಗಂಡಸರೆಲ್ಲ ತಲೆಯಾಡಿಸಿದರು. ಅದರಲ್ಲಿ ಖಂಡನೆ ಎಷ್ಟಿತ್ತು, ಅಸೂಯೆ ಎಷ್ಟಿತ್ತು ಎಂದು ನಾನು ಹೇಳಲಾರೆ. ಪೋಸ್ಟ್‌ಮಾಸ್ಟರು ಅವನನ್ನು ಒಳಕೋಣೆಗೆ ಕರೆದು, ಸರ್ಕಾರಿ ನೌಕರನ ನಡತೆಯ ಬಗ್ಗೆ ಉಪದೇಶ ಮಾಡಿದರು. ಆಮೇಲೆ ಬಾಗಿಲು ಮುಚ್ಚಿ, "ಈ ವಯಸ್ಸಲ್ಲಿ ಹೇಗ್ರೀ ನಿಭಾಯಿಸ್ತೀರಿ?" ಎಂದು ಕೇಳಿದರು. ಎವರಿಸ್ತೊ ನಿಜವನ್ನೇ ಹೇಳಿದ. "ಕಂತಿನಲ್ಲಿ ಸಾರ್."

ಮನೆಯಲ್ಲಿ ಮಾತ್ರ ಇದು ತಮಾಷೆಯಾಗಿರಲಿಲ್ಲ. ಅಳತೆ ತೆಗೆದ ಮೇಲೆ ಮೈ ಬೆಳೆಯಬಾರದೆಂದು ಕ್ವಿಂತೀನೊ ಕಟ್ಟಪ್ಪಣೆ ಮಾಡಿದ್ದ. ಪಾಲ್ಮಾ ತನ್ನ ಕೈಯಾರೆ ಒತ್ತಿ ಮಾಡಿದ ಪಾಸ್ತಾವನ್ನು ಅವನ ಮುಂದಿಟ್ಟಳು. ಅವನು ಒಂದು ತಟ್ಟೆ ತಿಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ.

"ಸಾಕು ಪಾಲ್ಮಾ."

ಅವಳು ಸೌಟು ಹಿಡಿದುಕೊಂಡು ನಿಂತಳು. "ಇಷ್ಟು ವರ್ಷದಲ್ಲಿ ನೀವು ಎರಡನೇ ತಟ್ಟೆ ಬೇಡ ಅಂದಿದ್ದಿಲ್ಲ. ಜ್ವರ ಬಂದಾಗಲೂ ಅಂದಿದ್ದಿಲ್ಲ. ಯಾರಿಗೋಸ್ಕರ ಹೊಟ್ಟೆ ಕರಗಿಸ್ತಿದೀರಿ?"

"ರೊಸಾಲ್ಬಾ ಮದುವೆಗೆ."

"ಮದುವೆ ರೊಸಾಲ್ಬಾದು. ನಿಮ್ಮದಲ್ಲ," ಎಂದು ಅವಳು ಒಳಗೆ ಹೋದಳು. ನನ್ನ ಹೆಂಡತಿಯ ಬಳಿ ಬಂದು ಅತ್ತಳು. ಗಂಡ ಹೀಗೇ ಮಾಡಿದರೆ ಮದುವೆಯ ದಿನ ಚರ್ಚಿನಲ್ಲಿ ಅವನ ಪಕ್ಕ ಕೂರುವುದಿಲ್ಲ, ಹಿಂದಿನ ಸಾಲಿನಲ್ಲಿ ವಿಧವೆಯರ ಜೊತೆ ಕೂರುತ್ತೇನೆ ಎಂದಳು. ಅವಳು ಹೇಳಿದರೆ ಮಾಡುವವಳು. ವಧುವಿನ ತಾಯಿ ಹಿಂದಿನ ಸಾಲಿನಲ್ಲಿ ಕೂತರೆ ಬಾರಿಯ ಬೀಗರು ಬಸ್ಸು ತಿರುಗಿಸಿಕೊಂಡು ಹೋಗುವುದು ಖಂಡಿತ. ರೊಸಾಲ್ಬಾ ಊಟ ಬಿಟ್ಟಳು. ನನಗೂ ನಿಜವಾಗಿ ಭಯವಾಯಿತು.

ಮುಂದಿನ ಗುರುವಾರ ನಡೆದದ್ದನ್ನು ನಾನು ನೋಡಿಲ್ಲ. ಆಮೇಲೆ ಅಲ್ಲಿದ್ದವರ ಬಾಯಿಂದ ಬೇರೆ ಬೇರೆಯಾಗಿ ಕೇಳಿ ಜೋಡಿಸಿದ್ದು. ಎವರಿಸ್ತೊ ಎಂದಿನಂತೆ ಹೊತ್ತು ತಪ್ಪಿ, ಒಂದು ಗಂಟೆ ಮೊದಲೇ ಹೋದ. ಪರದೆ ಸರಿಸಿದ. ಒಳಗೆ ಕ್ವಿಂತೀನೊ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ನಿಂತಿದ್ದ. ಅವನ ಮುಂದೆ ಕನ್ನಡಿಗೆ ಮುಖ ಮಾಡಿ, ಒಂದೇ ತೋಳಿನ ಕೋಟು ತೊಟ್ಟು, ಕೆಳಗೆ ಉದ್ದನೆಯ ಒಳಚಡ್ಡಿಯಲ್ಲಿ ನಿಂತಿದ್ದವರು ಮಾಸ್ತ್ರೊ ಒನೊಫ್ರಿಯೊ.

"ಕಂಪಾರೆ!" ಎಂದ ಎವರಿಸ್ತೊ.

"ಕಂಪಾರೆ!" ಎಂದರು ಒನೊಫ್ರಿಯೊ. ಕನ್ನಡಿಯೊಳಗೆ ಇಬ್ಬರ ಮುಖವೂ ಒಂದೇ ಬಣ್ಣಕ್ಕೆ ತಿರುಗಿತು.

ಮೊದಲು ಕೇಳಿದವರು ಒನೊಫ್ರಿಯೊ. "ನಿಮ್ಮ ಹರಕೆ ಎಲ್ಲಿ ಹೋಯ್ತು?"

"ನಿಮ್ಮ ಆಲೂಗಡ್ಡೆ ಚೀಲ ಎಲ್ಲಿ ಹೋಯ್ತು?" ಎಂದು ಕೇಳುವಷ್ಟು ಚುರುಕು ಎವರಿಸ್ತೊಗೆ ಇರಲಿಲ್ಲ. ಅದನ್ನು ಕ್ವಿಂತೀನೊ ಕೇಳಿದ, ಸೂಜಿಗಳ ನಡುವಿನಿಂದ.

ವಿಷಯ ಇಷ್ಟೇ. ಟೈಲರಿಗೂ ಕೋಟು ಬೇಕು. ತನ್ನ ಬೆನ್ನನ್ನು ತಾನೇ ಅಳೆಯಲು ಯಾರಿಂದಲೂ ಆಗುವುದಿಲ್ಲ. ಮೇಲ್ಪೇಟೆಯ ಟೈಲರಿಗೆ ಹೊಲಿಯಬಲ್ಲವನು ಕೆಳಪೇಟೆಯವನು, ಕೆಳಪೇಟೆಯವನಿಗೆ ಹೊಲಿಯಬಲ್ಲವರು ಇವರು. ಹರೆಯದಿಂದ ಇಬ್ಬರೂ ಹೀಗೇ ಗುಟ್ಟಾಗಿ ಪರಸ್ಪರರ ಮೈ ಮುಚ್ಚಿಕೊಂಡು, ಬೀದಿಯಲ್ಲಿ ಪರಸ್ಪರರ ಮಾನ ಹರಾಜು ಹಾಕಿಕೊಂಡು ಬಂದಿದ್ದರು. ವ್ಯಾಪಾರ ನಡೆಯಬೇಕಲ್ಲ.

"ರೊಸಾಲ್ಬಾನ ಎತ್ತಿಕೊಂಡು ನಿಂತ ತೊಟ್ಟಿ ಮೇಲೆ ಆಣೆ ಮಾಡಿ," ಎಂದರು ಒನೊಫ್ರಿಯೊ, ಚಡ್ಡಿಯಲ್ಲೇ ಗಂಭೀರವಾಗಿ. "ನನ್ನನ್ನ ಇಲ್ಲಿ ನೋಡಿದ್ದು ಯಾರಿಗೂ ಹೇಳಲ್ಲ ಅಂತ."

ಎವರಿಸ್ತೊ ಆಣೆ ಮಾಡಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕ್ವಿಂತೀನೊ ಅವನ ಸೂಟನ್ನು ತಂದು ತೊಡಿಸಿದಾಗ ಒನೊಫ್ರಿಯೊಗೆ ಕಣ್ಣು ಮುಚ್ಚಿಕೊಂಡಿರಲು ಆಗಲಿಲ್ಲ.

"ಇದೇನಯ್ಯಾ ಈ ಭುಜ? ಇವರ ಎಡಭುಜ ಕೆಳಗಿದೆ. ಮದುವೆ ಆದಾಗಿನಿಂದ ಕೆಳಗಿದೆ."

"ನನಗೂ ಕಣ್ಣಿದೆ ಮಾಸ್ತ್ರೊ. ಅದಕ್ಕೇ ಹತ್ತಿ ತುಂಬಿದೀನಿ."

"ಹತ್ತಿ! ಹತ್ತಿ ದಿಂಬಿಗೆ ತುಂಬೋದು. ಮನುಷ್ಯನಿಗೆ ತುಂಬ್ತಾರಾ? ಕೊಡು ಇಲ್ಲಿ ಸೂಜಿ."

ಒಬ್ಬರು ಎಡತೋಳು ಬಿಚ್ಚಿದರು, ಇನ್ನೊಬ್ಬ ಬಲತೋಳು ಹಿಡಿದುಕೊಂಡ. ಎವರಿಸ್ತೊ ಇಬ್ಬರ ನಡುವೆ ನಿಂತು ಯಾರ ಮಾತಿಗೂ ಹೌದು ಎಂದ. ಕೊನೆಗೆ ಎಡಗಡೆ ಮೇಲ್ಪೇಟೆಯದು, ಬಲಗಡೆ ಕೆಳಪೇಟೆಯದು ಎಂದು ರಾಜಿಯಾಯಿತು. ಹೊರಡುವಾಗ ಇಬ್ಬರು ಕಂಪಾರೆಗಳೂ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲಿಳಿದರು. ಎದುರಿಗೆ ನುನ್ಸಿಯಾತಾ, ಕಂಕುಳಲ್ಲಿ ಅದೇ ಚೀಸು.

ಭಾನುವಾರ ಪ್ರಾರ್ಥನೆ ಮುಗಿದಮೇಲೆ ಪಾಲ್ಮಾಳ ಅಡುಗೆಮನೆಯಲ್ಲಿ ಪಂಚಾಯಿತಿ ಸೇರಿತು. ನಾನು, ಅಳುತ್ತಿದ್ದ ರೊಸಾಲ್ಬಾ, ಸಾಕ್ಷಿಯಾಗಿ ನುನ್ಸಿಯಾತಾ. ದಾರಿತಪ್ಪಿದವನಿಗೆ ಬುದ್ಧಿ ಹೇಳಲೆಂದು ಒನೊಫ್ರಿಯೊ ಮತ್ತು ಅವರ ಹೆಂಡತಿಯನ್ನು ಕರೆಸಿದ್ದರು. ಒಲೆಯ ಮೇಲೆ ಪಾಸ್ತಾದ ನೀರು ಕುದಿಯುತ್ತಿತ್ತು. ಯಾರಿಗೂ ಅದು ಬೇಕಾಗಿರಲಿಲ್ಲ.

"ಕಂಪಾರೆ ಮುಂದೆ ಕೇಳ್ತಿದೀನಿ ರೀ," ಎಂದಳು ಪಾಲ್ಮಾ. "ಗುರುವಾರ ಗುರುವಾರ ಆ ನಿಲ್ದಾಣದ ಹಿಂದಿನ ಮೆಟ್ಟಿಲು ಹತ್ತೋದು ನಿಜವೋ ಸುಳ್ಳೋ?"

ಎವರಿಸ್ತೊ ಕಂಪಾರೆಯ ಮುಖ ನೋಡಿದ. ನೆಲ ನೋಡಿದ. "ನಿಜ."

ರೊಸಾಲ್ಬಾ ಗೊಳೋ ಎಂದಳು. ಒನೊಫ್ರಿಯೊಗೆ ಒಳಗೊಳಗೇ ಅಳುಕು. ಹಾಗಾಗಿ ಅಗತ್ಯಕ್ಕಿಂತ ಜೋರಾಗಿ ಶುರುಮಾಡಿದರು. "ಛೆ ಛೆ ಛೆ ಕಂಪಾರೆ! ಮಗಳ ಮದುವೆ ಮನೇಲಿಟ್ಕೊಂಡು! ಮಾನ ಇರೋರು ಕಾಲಿಡೋ ಜಾಗವೇ ಅದು?"

"ಮಾಸ್ತ್ರೊ," ಎಂದಳು ನುನ್ಸಿಯಾತಾ, ಬಹಳ ಮೆತ್ತಗೆ. "ಮೊನ್ನೆ ಗುರುವಾರ ಇವರ ಹಿಂದೇನೇ ನೀವೂ ಅಲ್ಲಿಂದ ಇಳಿದ್ರಲ್ಲ?"

ಒನೊಫ್ರಿಯೊರ ಹೆಂಡತಿ ಕೈಯಲ್ಲಿದ್ದ ವೈನಿನ ಲೋಟವನ್ನು ಮೇಜಿನ ಮೇಲಿಟ್ಟರು. ಆ ಸದ್ದಿಗೆ ಬೆಕ್ಕು ಎದ್ದು ಹೊರಗೆ ಹೋಯಿತು. ಆಗ, ನನ್ನ ಷಡ್ಡಕನ ಜನ್ಮದಲ್ಲಿ ಮೊದಲ ಸಲ, ಬೇಕಾದ ಹೊತ್ತಿಗೆ ಅವನ ತಲೆ ಓಡಿತು.

"ಕಂಪಾರೆ ಬಂದಿದ್ದು ನನ್ನನ್ನ ಹಿಡಿಯಕ್ಕೆ," ಎಂದ.

"ಅವಳ ಜೊತೆ ಇರೋವಾಗಲಾ?" ಎಂದಳು ನುನ್ಸಿಯಾತಾ.

"ಯಾರ ಜೊತೆ?"

"ಇನ್ಯಾರು! ಎರ್ಮೆಲಿಂದಾ ಜೊತೆ!"

ಎವರಿಸ್ತೊ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. "ಎರ್ಮೆಲಿಂದಾ ಯಾರು?"

ಇಷ್ಟು ಗುರುವಾರ ಅದೇ ಮೆಟ್ಟಿಲು ಹತ್ತಿ ಇಳಿದವನಿಗೆ ಮೊದಲ ಮಹಡಿಯಲ್ಲಿ ಒಬ್ಬ ವಿಧವೆ ಇದ್ದಾಳೆ ಎಂಬುದೇ ತಿಳಿದಿರಲಿಲ್ಲ. ಪಾಲ್ಮಾ ಅವನ ಕಿವಿ ನೋಡಿದಳು. ಕೆಂಪಾಗಿರಲಿಲ್ಲ. "ಹಾಗಾದ್ರೆ ಕಂಪಾರೆ ನಿಮ್ಮನ್ನ ಯಾರ ಜೊತೆ ಹಿಡಿದ್ರು?"

"ಕ್ವಿಂತೀನೊ ಜೊತೆ. ನಾನು ಅವನ ಹತ್ರ ಸೂಟು ಹೊಲಿಸ್ತಿದೀನಿ. ಎರಡು ಅಂಗೀನೂ. ಹರಕೆ ಸುಳ್ಳು."

ನಾನು ಅರಿವಿಲ್ಲದೆಯೇ ಟೋಪಿ ತೆಗೆದೆ. ನುನ್ಸಿಯಾತಾ ಕೂಡ ಶಿಲುಬೆಯ ಗುರುತು ಮಾಡಿಕೊಂಡಳು. ರೊಸಾಲ್ಬಾ ಅಳು ನಿಲ್ಲಿಸಿ, "ಅಪ್ಪಾ, ಇದಕ್ಕಿಂತ ಆ ವಿಧವೇನೇ ವಾಸಿಯಾಗಿತ್ತು!" ಎಂದಳು.

ಪಾಲ್ಮಾಳ ಮುಖದಲ್ಲಿ ಒಂದು ಕಡೆ ಹೋದ ಜೀವ ಬಂದಿತ್ತು, ಇನ್ನೊಂದು ಕಡೆ ಮಾನ ಹೋಗಿತ್ತು. ಅವಳು ಒನೊಫ್ರಿಯೊರ ಕಡೆ ತಿರುಗಿದಳು. "ಕಂಪಾರೆ, ಹೆಂಗಸಿನ ವಿಷಯ ಆಗಿದ್ರೆ ನಾನೇ ಸೌಟಿನಲ್ಲಿ ವಿಚಾರಿಸ್ಕೋತಿದ್ದೆ. ಇದು ನಿಮಗೆ ಮಾಡಿದ ದ್ರೋಹ. ನೀವು ಮದುವೆಗೆ ಬರಲ್ಲ ಅಂದ್ರೂ ನಾನು ತಪ್ಪು ತಿಳ್ಕೊಳ್ಳಲ್ಲ."

ಎಲ್ಲರೂ ಒನೊಫ್ರಿಯೊರನ್ನು ನೋಡಿದೆವು. ಎವರಿಸ್ತೊ ಅವರಿಗೆ ಅಡಗಿಕೊಳ್ಳಲು ಒಂದು ಅರಮನೆಯನ್ನೇ ಕಟ್ಟಿಕೊಟ್ಟಿದ್ದ. ನೊಂದ ಮುಖ ಮಾಡಿಕೊಂಡು ಎದ್ದು ಹೋದರಾಯಿತು, ಊರೆಲ್ಲ ಅವರ ಪರ. ಅವರು ಎದ್ದರು. ಬಾಗಿಲವರೆಗೆ ಹೋದರು. ಅಲ್ಲಿ ನಿಂತು, ಹಿಂದಿರುಗಿ ಎವರಿಸ್ತೊನನ್ನು ನೋಡಿದರು. ಅವನು ಮಾತ್ರ ತಲೆ ಎತ್ತಿರಲಿಲ್ಲ. ಒನೊಫ್ರಿಯೊ ವಾಪಸು ಬಂದು ತಮ್ಮ ಕೋಟು ಬಿಚ್ಚಿದರು. ಕೋಟಿಲ್ಲದ ಒನೊಫ್ರಿಯೊರನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಅದನ್ನು ಅಸ್ತರು ಮೇಲಾಗಿ ಮೇಜಿನ ಮೇಲೆ ಹರಡಿದರು.

"ಇದನ್ನ ಹೊಲಿದೋನು ಕ್ವಿಂತೀನೊ. ನನ್ನ ಎಲ್ಲಾ ಕೋಟೂ ಅವನದೇ. ನಾನು ಇವರನ್ನ ಹಿಡಿಯಕ್ಕೆ ಹೋಗಿದ್ದಲ್ಲ ಪಾಲ್ಮಾ. ನಾನೇ ಸಿಕ್ಕಿಬಿದ್ದೆ. ಇವರು ನನ್ನ ಮಾನ ಉಳಿಸಕ್ಕೆ ಪಾಪವೆಲ್ಲ ತಮ್ಮ ತಲೆ ಮೇಲೆ ಹಾಕ್ಕೊಂಡ್ರು."

ಅವರ ಹೆಂಡತಿ ಅಸ್ತರನ್ನು ಮುಟ್ಟಿ ನೋಡಿದರು. "ಇಷ್ಟು ವರ್ಷ ನಾನು ಊರಿಗೆಲ್ಲ ನಿಮ್ಮ ಕೋಟು ತೋರಿಸಿ, ನಮ್ಮನೆಯವರ ಕೈ ನೋಡಿ ಅಂತ ಹೊಗಳ್ಕೊಂಡು ಬಂದೆನಲ್ಲ! ಆ ಕೆಳಪೇಟೆಯೋನ ಕೈಯನ್ನಾ ನಾನು ಹೊಗಳಿದ್ದು?"

ಪಾಲ್ಮಾ ಕೋಟನ್ನು ಎತ್ತಿ, ಒದರಿ, ಒನೊಫ್ರಿಯೊಗೆ ತೊಡಲು ಹಿಡಿದು ನಿಂತಳು. "ಹಾಕ್ಕೊಳ್ಳಿ ಕಂಪಾರೆ, ಶೀತ ಆಗತ್ತೆ. ಎಲ್ಲರೂ ಕೂತ್ಕೊಳ್ಳಿ, ಊಟ ಹಾಕ್ತೀನಿ." ಆಮೇಲೆ ಗಂಡನ ತಟ್ಟೆಗೆ ಪಾಸ್ತಾ ಸುರಿದಳು. ಅವನು ತಿಂದ. ಎರಡನೆಯ ಸಲ ಸೌಟು ತಂದಳು. ಅವನ ಕೈ ತಾನಾಗಿಯೇ ತಟ್ಟೆಯ ಮೇಲೆ ಹೋಯಿತು. ಪಾಲ್ಮಾಳ ಹುಬ್ಬು ಮೇಲೇರಿತು. ಕೈ ಹಿಂದೆ ಬಂತು.

ಅವತ್ತಿನಿಂದ ಮದುವೆಯವರೆಗೆ ಬಡಪಾಯಿ ಎವರಿಸ್ತೊ ತನ್ನ ನಿಷ್ಠೆಯನ್ನು ತಟ್ಟೆ ತಟ್ಟೆಯಾಗಿ ರುಜುವಾತುಪಡಿಸಬೇಕಾಯಿತು. ಬೆಳಗ್ಗೆ ಮೊಟ್ಟೆ, ಮಧ್ಯಾಹ್ನ ತುಂಬಿದ ಬದನೆಕಾಯಿ, ರಾತ್ರಿ ಕುರಿಮಾಂಸ. ಬೇಡವೆಂದರೆ ಮತ್ತೆ ಅನುಮಾನ. ಪಾಲ್ಮಾಳ ಕ್ಷಮೆ ಬಾಯಿಮಾತಿನಲ್ಲಿ ಬರುವಂಥದ್ದಲ್ಲ, ಸೌಟಿನಲ್ಲಿ ಬರುವಂಥದ್ದು. ಅತ್ತ ಊರಿನ ಕಥೆಯೇ ಬೇರೆಯಾಗಿತ್ತು. ಮಾಸ್ತ್ರೊ ಒನೊಫ್ರಿಯೊ ತೊಡುವ ಕೋಟು ಕ್ವಿಂತೀನೊನದೆಂದು ನುನ್ಸಿಯಾತಾ ಸಾರಿದ ಮೇಲೆ ಪೋಸ್ಟ್‌ಮಾಸ್ಟರು, ಹವಾಲ್ದಾರ, ಎಲ್ಲರೂ ಕೆಳಪೇಟೆಗೆ ಧಾವಿಸಿದರು. ಕ್ವಿಂತೀನೊ ಅವರೆದುರು ಕೈಯೆತ್ತಿ, "ನಮ್ಮ ನಮ್ಮಲ್ಲಿ ದುಡ್ಡಿನ ಮಾತೇ?" ಎನ್ನುವುದನ್ನು ಆಗಲೇ ಕಲಿತುಬಿಟ್ಟಿದ್ದ.

ಮದುವೆಯ ಬೆಳಗ್ಗೆ ಎವರಿಸ್ತೊ ಸೂಟು ತೊಟ್ಟ. ಭುಜ ಎರಡೂ ದೇವರು ಮೆಚ್ಚುವ ಹಾಗಿದ್ದವು. ಅಂಗಿಯ ಮೇಲೆ ಅವನ ಹೆಸರಿನ ಅಕ್ಷರಗಳೂ ಇದ್ದವು. ಆದರೆ ಕೋಟಿನ ಗುಂಡಿಗೂ ತೂತಿಗೂ ನಡುವೆ ಒಂದು ಗೇಣು ಹೊಟ್ಟೆ ನಿಂತಿತ್ತು. ಇಬ್ಬರು ಟೈಲರುಗಳೂ ಓಡಿ ಬಂದರು. ಚರ್ಚಿನ ಮುಂದೆ, ಬಾರಿಯ ಬೀಗರ ಕಣ್ಣೆದುರಿಗೇ, ಮೇಲ್ಪೇಟೆ ಒಂದು ಮಂಡಿಯ ಬಳಿ, ಕೆಳಪೇಟೆ ಇನ್ನೊಂದು ಮಂಡಿಯ ಬಳಿ ಕೂತು ಹೊಲಿಗೆ ಬಿಚ್ಚಿದರು, ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆಳೆದರು.

"ಇನ್ನೂ ಬಿಡು ಕ್ವಿಂತೀನೊ!"

"ಬಿಡಕ್ಕೆ ಏನಿದೆ ಮಾಸ್ತ್ರೊ? ಇನ್ನು ಇವರ ಚರ್ಮವೇ ಉಳಿದಿರೋದು."

"ಕಂಪಾರೆ, ಉಸಿರು ಒಳಗೆ ತಗೊಳ್ಳಿ. ಮದುವೆ ಮುಗಿಯೋವರೆಗೆ ಬಿಡಬೇಡಿ."

ಒಳಗೆ ಆರ್ಗನ್ ಶುರುವಾಯಿತು. ರೊಸಾಲ್ಬಾ ಬಂದು ಅಪ್ಪನ ತೋಳು ಹಿಡಿದಳು. ಎವರಿಸ್ತೊ ಉಸಿರು ಕಟ್ಟಿ, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ, ಎರಡೂ ಕೈಯಲ್ಲಿ ಕೋಟಿನ ಎರಡು ಅಂಚನ್ನು ಎಳೆದು ಹಿಡಿದು ನಿಂತಿದ್ದ. ಕಣ್ಣಲ್ಲಿ ನೀರಿತ್ತು. ಎರಡು ಸಾಲು ಗುಂಡಿಯ ಕೋಟನ್ನು ಗುಂಡಿ ಹಾಕದೆ ತೊಡುವುದು ನಮ್ಮಲ್ಲಿ ಕುಡುಕರೂ ಮಾಡದ ಕೆಲಸ. ಪಾಲ್ಮಾ ಮುಂದಿನ ಸಾಲಿಗೆ ಹೋಗುತ್ತಿದ್ದವಳು ತಿರುಗಿ ಬಂದಳು. ಅವನ ಕೈಗಳನ್ನು ಒಂದೊಂದಾಗಿ ಬಿಡಿಸಿದಳು. ಕೋಟು ಎರಡು ಪಾಲಾಗಿ ತೆರೆದುಕೊಂಡಿತು. ಇಬ್ಬರು ಟೈಲರುಗಳೂ ಒಟ್ಟಿಗೆ ಕಣ್ಣು ಮುಚ್ಚಿಕೊಂಡರು.

ಅವಳು ಆ ಹೊಟ್ಟೆಯನ್ನು ನೋಡಿದಳು, ಬೀಗರ ಬಸ್ಸನ್ನು ನೋಡಿದಳು, ನುನ್ಸಿಯಾತಾಳನ್ನು ನೋಡಿದಳು.

"ಗುಂಡಿ ಹಾಕ್ಬೇಡಿ ರೀ," ಎಂದಳು ಇಡೀ ಚೌಕಕ್ಕೆ ಕೇಳುವ ಹಾಗೆ. "ಹೀಗೇ ನಡೀರಿ. ಯಾರ ಮನೇಲಿ ಊಟ ಮಾಡ್ತೀರಿ ಅಂತ ಊರೆಲ್ಲ ನೋಡ್ಲಿ."

ಎವರಿಸ್ತೊ ಉಸಿರು ಬಿಟ್ಟ.